ಹಳದಿ ಟವೆಲಿನ ಕುರ್ಚಿ

2006ರ ಕಾರ್ತಿಕ ಮಾಸದ ಒಂದು ಶುಕ್ರವಾರ, ಮಧ್ಯಾಹ್ನ ಹನ್ನೆರಡೂ ಕಾಲಿನಿಂದ ಒಂದು ಗಂಟೆಯವರೆಗೆ, ನಾನು ಸೇಡಂ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿದ್ದ ಸೈಬರ್ ಕೆಫೆಯ ಕೊನೆಯ ಕ್ಯಾಬಿನ್ನಿನಲ್ಲಿ, ಕಂಪ್ಯೂಟರಿನ ಹಿಂದೆ ನಿಂತಿದ್ದೆ. ಹಿಂದೆ ಎಂದರೆ ಮಾನಿಟರಿನ ಬೆನ್ನಿಗೂ ಗೋಡೆಗೂ ನಡುವಿನ ಸಂದಿನಲ್ಲಿ. ಅಲ್ಲಿ ನನ್ನಂಥ ಮನುಷ್ಯ ನೆಟ್ಟಗೆ ನಿಲ್ಲುವಷ್ಟು ಜಾಗವಿರಲಿಲ್ಲ. ಎಡ ಭುಜವನ್ನು ಗೋಡೆಗೆ ಒತ್ತಿ ಓರೆಯಾಗಿ ನಿಂತಿದ್ದೆ. ಬಲಗೈಯಲ್ಲಿ ಕ್ಯಾಮೆರಾ ಇತ್ತು. ಅದು ನಿಂಬೆಹಣ್ಣಿನಷ್ಟೇ ಇತ್ತು, ಅದರ ಕ್ಲಿಪ್ಪು ಮುರಿದಿತ್ತು. ಹಾಗಾಗಿ ಅದನ್ನು ಮಾನಿಟರಿನ ನೆತ್ತಿಯ ಮೇಲೆ ಕೈಯಿಂದಲೇ ಒತ್ತಿ ಹಿಡಿಯಬೇಕಾಗಿತ್ತು. ನಾನು ನಿಂತಲ್ಲಿಂದ ಅಕ್ಕನ ಮಗಳು ಕಾಣುತ್ತಿದ್ದಳು. ಪರದೆ ಕಾಣುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದರಲ್ಲಿ ನಾನು ಕಂಡದ್ದು ಯಾವುದು, ಕಾಣದ್ದು ಯಾವುದು ಎಂಬುದು ಬೆರೆಯಬಾರದು.

ಅಕ್ಕನ ಮನೆ ಚಿಂಚೋಳಿಯಲ್ಲಿ. ಅವಳಿಗೆ ಒಬ್ಬಳೇ ಮಗಳು, ಸುಲೇಪೇಟದ ಶಾಲೆಯಲ್ಲಿ ಶಿಕ್ಷಕಿ. ಆಗ ಇಪ್ಪತ್ತಾರು ವರ್ಷ. ಭಾವ ತೀರಿಕೊಂಡಿದ್ದರಿಂದ ಮದುವೆಯ ಓಡಾಟ ಸೋದರಮಾವನಾದ ನನ್ನ ಮೇಲೆ ಬಂದಿತ್ತು. ನಾನು ಸೇಡಂನಲ್ಲಿ ಹೈಸ್ಕೂಲ್ ಮಾಸ್ತರ. ನಮ್ಮ ದೂರದ ಬಳಗದವರಾದ ಚಿತ್ತಾಪುರದ ಗುಡಿಯ ಅರ್ಚಕರು ಶಹಾಬಾದಿನ ಒಂದು ಸಂಬಂಧ ತಂದರು. ಹುಡುಗ ಕುವೈತಿನಲ್ಲಿ ದೊಡ್ಡ ಮೋಟಾರುಗಳ ರಿಪೇರಿ ಕೆಲಸ ಮಾಡುತ್ತಿದ್ದ. ತಂದೆ ಇಲ್ಲ. ತಾಯಿಯ ಮಾತೇ ಕೊನೆಯ ಮಾತು. ಅಲ್ಲಿಯೇ ಸಂಸಾರ ಹೂಡಿದ್ದ ಮಗಳ ಬಾಣಂತನಕ್ಕೆಂದು ಆ ತಾಯಿಯೂ ಕುವೈತಿಗೆ ಹೋಗಿದ್ದರು. ಜಾತಕ ಕೂಡಿಬಂದಿತ್ತು. ಅಂಚೆಯಲ್ಲಿ ಫೋಟೋ ಹೋಗಿ ಬಂದಿದ್ದವು. ಹುಡುಗನಿಗೆ ರಜೆ ಇರಲಿಲ್ಲ, ತಾಯಿ ಇನ್ನೂ ಎರಡು ತಿಂಗಳು ಹೊರಡುವಂತಿರಲಿಲ್ಲ. ಕಂಪ್ಯೂಟರಿನಲ್ಲೇ ನೋಡಿ ಮಾತು ಮುಗಿಸೋಣ ಎಂದು ಅವರೇ ಹೇಳಿ ಕಳಿಸಿದರು.

ಅಕ್ಕನ ಮಗಳು ಅದಕ್ಕೆ ಮೊದಲು ಎರಡು ಸಂಬಂಧ ಬೇಡ ಅಂದಿದ್ದಳು. ಈ ಸಲ ಬೇಡ ಅನ್ನಲಿಲ್ಲ. ಹುಡುಗನ ಫೋಟೋವನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಿದ್ದಾಳೆಂದು ಅಕ್ಕ ನನಗೆ ಗುಟ್ಟಾಗಿ ಹೇಳಿದ್ದಳು.

ದಿನ ಶುಕ್ರವಾರವೇ ಆಗಬೇಕಿತ್ತು. ಅಲ್ಲಿ ಅದೇ ರಜೆಯ ದಿನ. ವೇಳೆಯದ್ದೇ ತಕರಾರು.

"ಶುಕ್ರವಾರ ಹತ್ತೂವರಿಯಿಂದ ಹನ್ನೆರಡರ ತನಕ ರಾಹುಕಾಲ," ಅಂದಳು ಅಕ್ಕ. "ಹನ್ನೆರಡರ ಮ್ಯಾಲ ಕುಂದ್ರಸು."

"ಅವರ ಗಡಿಯಾರ ನಮಗಿಂತ ಎರಡೂವರಿ ತಾಸು ಹಿಂದ ಅದ. ನಮ್ಮ ಒಂದು ಗಂಟೆಗೆ ಅವರ ರಾಹುಕಾಲ ಶುರು ಆಗ್ತದ."

"ಅಲ್ಲೀ ತನಕ ಹೋಗ್ಯಾನೇನು ರಾಹು?"

"ಹೋಗ್ಯಾನ. ಹುಡುಗನ ತಾಯೀನೇ ಹೇಳಿ ಕಳಸ್ಯಾರ."

ಹೀಗೆ ಎರಡು ರಾಹುಕಾಲಗಳ ನಡುವೆ ನಮಗೆ ಒಂದು ತಾಸು ಉಳಿಯಿತು. ಅದರಲ್ಲಿ ಮೊದಲ ಕಾಲು ತಾಸು ಕಂಪ್ಯೂಟರು ಶುರುವಾಗುವುದರಲ್ಲೇ ಹೋಯಿತು.

ಕೆಫೆಯ ಮಾಲೀಕನನ್ನು ಊರೆಲ್ಲ ಭಾಯ್ ಎನ್ನುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿ. ಅವನಲ್ಲಿ ಕ್ಯಾಮೆರಾ ಇದ್ದದ್ದು ಒಂದೇ ಕಂಪ್ಯೂಟರಿಗೆ. ಅದರ ಮುಂದಿನ ಕುರ್ಚಿಯ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಬಂದಿತ್ತು. ಅಕ್ಕ ಅದನ್ನು ನೋಡಿ, ಚೀಲದಿಂದ ಹಳದಿ ಟವೆಲು ತೆಗೆದು ಕುರ್ಚಿಯ ಬೆನ್ನಿಗೆ ಹೊದಿಸಿದಳು. ಮಗಳನ್ನು ಕೂರಿಸಿ, ತಾನು ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಅಲ್ಲಿಂದ ಪರದೆ ಅವಳಿಗೆ ಓರೆಯಾಗಿ ಕಾಣುತ್ತಿತ್ತು. ಅವಳು ಕ್ಯಾಮೆರಾದ ಕಣ್ಣಿಗೆ ಬೀಳುತ್ತಿರಲಿಲ್ಲ. ಭಾಯ್ ಕ್ಯಾಬಿನ್ನಿನ ಪರದೆ ಬಟ್ಟೆಯನ್ನು ಅರ್ಧ ಸರಿಸಿ ಹೊಸ್ತಿಲಲ್ಲಿ ನಿಂತ.

"ಮಾಸ್ತರ್ರ, ಕೈ ಬಿಲ್ಕುಲ್ ಅಲಗಿಸಬ್ಯಾಡ್ರಿ," ಅಂದ. "ಲೈನ್ ಭಾಳ ನಾಜೂಕ ಅದ ಇವತ್ತ. ನೀವು ಜರಾ ಅಲಗಿದ್ರೂ ಆ ಕಡೆ ಫೋಟೋ ಒಡೀತದ."

"ಶಾಲ್ಯಾಗ ನೀ ಅಲಗದೇ ಕುಂತಿದ್ದೇನು ಎಂದಾದ್ರೂ?"

"ಅದಕ್ಕೇ ಹೇಳಾಕತ್ತೀನ್ರಿ. ಅಲಗಿದವನ ಹಣೀಬರಾ ನನಗ ಗೊತ್ತದ."

ಆಮೇಲೆ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಹಲೋ, ಕೇಳಸ್ತದೇನ್ರಿ? ಕೇಳಸ್ತದ್ರಿ, ನಿಮಗ? ಹಲೋ? ಕಾಣ್ತೀವೇನ್ರಿ? ನಾವು ಕೇಳಿದ್ದಕ್ಕೆ ಉತ್ತರ ಬರುವಷ್ಟರಲ್ಲಿ ನಾವು ಇನ್ನೊಂದು ಕೇಳಿರುತ್ತಿದ್ದೆವು. ಅಕ್ಕ ಬಾಣಂತಿಯ ಕ್ಷೇಮ ಕೇಳಿದಳು, ಉತ್ತರ ಬರಲಿಲ್ಲ. ಊಟ ಆತೇನ್ರಿ ಎಂದಳು. "ಎರಡೂ ಆರಾಮ ಅವ, ಗಂಡುಕೂಸು," ಎಂದು ಉತ್ತರ ಬಂತು. ಭಾಯ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

ಹುಡುಗ ಮಾತಾಡಿದ. ನನಗೆ ಅವನ ದನಿ ಮಾತ್ರ ಕೇಳಿಸುತ್ತಿತ್ತು. ಮೆಲ್ಲನೆಯ ದನಿ.

"ನಿಮ್ಮ ಶಾಲ್ಯಾಗ ಎಷ್ಟು ಮಕ್ಕಳ ಅವ್ರಿ?"

"ಹಾಜರಿ ಪುಸ್ತಕದಾಗ ನಲವತ್ತು ಅವ. ಹೊಲದಾಗ ಕಡಲಿಕಾಯಿ ಬಂದಾಗ ಹದಿನೈದು."

  ಮಾತು ತಪ್ಪಿತೇನೋ ಎಂಬಂತೆ ಅವ್ವನ ಕಡೆ ನೋಡಿದಳು. ಆಗ ಅವನ ನಗೆ ಬಂತು. ದೂರದಿಂದ, ತಡವಾಗಿ, ಆದರೆ ಚೆನ್ನಾಗಿ ನಕ್ಕ. ಅವಳೂ ನಕ್ಕಳು.

"ನೀವು ಅಲ್ಲೇ ಇರ್ತೀರೇನ್ರಿ?" ಅಂತ ಕೇಳಿದಳು.

"ಇನ್ನ ಎರಡು ವರ್ಷ. ಆಮ್ಯಾಲ ಶಹಾಬಾದಿಗೇ ಬರೋದು."

"ನನ್ನ ನೌಕರಿ?"

"ಶಹಾಬಾದಿಗೆ ಬದಲಿ ಸಿಕ್ರ ಭೇಷ್. ಸಿಗದಿದ್ರ ನಾನೇ ಸುಲೇಪೇಟಕ್ಕ ಬರ್ತೀನಿ. ಮೋಟಾರ್ ಎಲ್ಲಾ ಊರಾಗೂ ಕೆಡ್ತಾವ."

ಆಗ ಅವಳ ಮುಖ ಹೇಗಿತ್ತು ಎಂಬುದನ್ನು ನಾನು ಬಲ್ಲೆ. ಮೂರು ಅಡಿ ದೂರದಿಂದ ನೋಡುತ್ತಿದ್ದೆ. ಮದುವೆಯ ಮಾತಿನಲ್ಲಿ ಅವಳು ಹಗುರಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ತಾಯಿ ಕೇಳಿದರು. ಅವರ ದನಿ ದೊಡ್ಡದು, ಸ್ಪೀಕರಿನಲ್ಲಿ ಚೀರಿದಂತೆ ಬರುತ್ತಿತ್ತು. "ಏನವಾ, ನಮ್ಮ ಹುಡುಗ ನಿನಗ ಪಸಂದ ಬಂದಾನೇನು? ನಾಚಬ್ಯಾಡ."

ನಮ್ಮ ಮನೆತನಗಳಲ್ಲಿ ಈ ಪ್ರಶ್ನೆಗೆ ಹುಡುಗಿ ಬಾಯಿಬಿಟ್ಟು ಹೂಂ ಅನ್ನುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಕೂತಲ್ಲೇ ಕೂತು ತಲೆ ತಗ್ಗಿಸುತ್ತಾಳೆ. ಉಳಿದದ್ದನ್ನು ಹಿರಿಯರು ನಯವಾಗಿ ಹೇಳಿಕೊಳ್ಳುತ್ತಾರೆ. ಒಪ್ಪಿಗೆ ಇದ್ದರೆ ಎದ್ದು, ಕೇಳಿದವರಿಗೆ ನಮಸ್ಕಾರ ಮಾಡುತ್ತಾಳೆ. ಅದೇ ಉತ್ತರ. ನನ್ನ ಅಕ್ಕ ಹಾಗೆ ಮಾಡಿದ್ದನ್ನು ನಾನು ನೋಡಿದ್ದೆ. ನನ್ನ ಹೆಂಡತಿಯೂ ಹಾಗೇ ಮಾಡಿದ್ದಳು.

ಅಕ್ಕನ ಮಗಳು ಎದ್ದಳು. ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿದಳು. ಸೆರಗು ಸರಿಮಾಡಿಕೊಂಡು ಮೊಣಕಾಲೂರಿ, ಮೇಜಿನ ಮುಂದಿನ ಸಿಮೆಂಟು ನೆಲಕ್ಕೆ ಹಣೆ ಮುಟ್ಟಿಸಿದಳು. ನಾನು ಮೇಲಿನಿಂದ ನೋಡುತ್ತಿದ್ದೆ. ಜಡೆ ಭುಜದಿಂದ ಜಾರಿ ನೆಲಕ್ಕೆ ಬಿತ್ತು. ಎದ್ದು ಮತ್ತೆ ಕೂತಳು. ಎಲ್ಲಾ ಕೂಡಿ ಹತ್ತು ಸೆಕೆಂಡು ಇದ್ದೀತು. ಅಷ್ಟು ಹೊತ್ತೂ ನಾನು ಕ್ಯಾಮೆರಾವನ್ನು ಒಂದು ಕೂದಲೆಳೆಯಷ್ಟೂ ಅಲುಗಿಸಲಿಲ್ಲ. ಅದು ನನಗೆ ಹೆಮ್ಮೆ ಎನ್ನಿಸಿತ್ತು.

ಸ್ಪೀಕರಿನಲ್ಲಿ "ಎಲ್..." ಎಂಬಷ್ಟು ಕೇಳಿಸಿ ದನಿ ನಿಂತಿತು. ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ಅವಳ ಮುಖ ಬಿಗಿಯಿತು. ನಾವು ಕಾದೆವು. ಭಾಯ್ ಒಳಗೆ ಬಂದು ಮೌಸನ್ನು ಅತ್ತಿತ್ತ ಆಡಿಸಿದ. "ಹಸಿರು ದೀಪ ಹತ್ತಿದ್ದೇ ಅದ," ಅಂದ. "ಕನೆಕ್ಟ್ ಅಂತ ತೋರಿಸ್ಲಿಕತ್ತದ. ನಮ್ಮ ತಂಗೀ ಫೋಟೋ ಮೂಲ್ಯಾಗ ನಡ್ಯಾಕತ್ತದ ನೋಡ್ರಿ, ಛಲೋ." ಹೌದು, ಮೂಲೆಯ ಚಿಕ್ಕ ಚೌಕದಲ್ಲಿ ತನ್ನ ಚಿತ್ರ ಸರಿಯಾಗೇ ಅಲುಗುತ್ತಿತ್ತೆಂದು ಅಕ್ಕನ ಮಗಳೂ ಆಮೇಲೆ ಹೇಳಿದಳು. ಹಾಗಾಗಿ ಎಲ್ಲವೂ ಆ ಕಡೆ ಹೋಗುತ್ತಿದೆ ಎಂದುಕೊಂಡೆವು. ಹನ್ನೆರಡೂ ಐವತ್ತಕ್ಕೆ ಎಲ್ಲಾ ಕಡಿದುಹೋಯಿತು. ಭಾಯ್ ಎರಡು ಸಲ ಮತ್ತೆ ಹಚ್ಚಿದ. ಅಷ್ಟರಲ್ಲಿ ಗಡಿಯಾರ ಒಂದು ಹೊಡೆಯಿತು.

"ಸಾಕ್ ಬಿಡು. ಅವರ ರಾಹುಕಾಲ ಬಂತು," ಎಂದಳು ಅಕ್ಕ, ಟವೆಲು ಮಡಿಸುತ್ತ.

ಬಸ್ ನಿಲ್ದಾಣದಲ್ಲಿ, ಮಗಳು ನೀರು ಕುಡಿಯಲು ಆಚೆ ಹೋದಾಗ, ಅವಳು ನನಗೆ ಹೇಳಿದ್ದು ಇಷ್ಟು: "ಹುಡುಗಿ ಅಷ್ಟು ಭಕ್ತೀಲೆ ನೆಲಕ್ಕ ಹಣೀ ಹಚ್ಚಿದ್ಲು. ಆ ಹುಡುಗನ ತಾಯಿ ಮಕ ತಿರುವಿದ್ಲು ತಮ್ಮಾ. ತಿರುವಿದಾಕಿ ತಿರುವಿದಾಂಗೇ ಕುಂತ್ಲು. ನಾ ಕಣ್ಣಾರೆ ನೋಡೀನಿ."

ಮರುದಿನ ನಾನು ಎಸ್‌ಟಿಡಿ ಬೂತಿನಿಂದ ಕುವೈತಿಗೆ ಫೋನು ಮಾಡಿದೆ. ಹುಡುಗನ ತಾಯಿಯೇ ಎತ್ತಿದರು. ಆ ದಿನ ಲೈನು ಬಹಳ ಸ್ವಚ್ಛವಾಗಿತ್ತು, ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ.

"ನಿಮ್ಮ ಅಭಿಪ್ರಾಯ ತಿಳೀಲಿಲ್ಲ," ಎಂದೆ.

"ನಮ್ಮದೇನದರಿ ಮಾಸ್ತರ್ರ. ಎಲ್ಲಾ ಕಣ್ಣಾರೆ ನೋಡೇವಿ. ಇನ್ನ ಕೇಳೋದು ಏನ್ ಉಳದದ?"

"ನಾವೂ ನೋಡೇವ್ರಿ," ಎಂದು ಫೋನು ಇಟ್ಟೆ.

ಇಬ್ಬರೂ ನಿಜವನ್ನೇ ಹೇಳಿದೆವು. ಅದು ನನಗೆ ಅಂದು ಗೊತ್ತಿರಲಿಲ್ಲ.

ಹದಿನೈದು ದಿನಕ್ಕೆ ಅರ್ಚಕರನ್ನು ಕಾಣಲು ಚಿತ್ತಾಪುರಕ್ಕೆ ಹೋದೆ. ಅವರು ತೀರ್ಥದ ತಂಬಿಗೆ ತೊಳೆಯುತ್ತ, ನನ್ನ ಕಡೆ ನೋಡದೆಯೇ ಕೇಳಿದರು: "ಪಸಂದ ಬಂದಾನೇನು ಅಂತ ಕೇಳಿದ ಕೂಡ್ಲೇ ನಿಮ್ಮ ಹುಡುಗಿ ಎದ್ದು ಹೋದ್ಲಂತಲ್ಲ?"

"ಸುಳ್ಳು," ಎಂದೆ. "ನಾ ಅಲ್ಲೇ ನಿಂತಿದ್ದೆ. ಕ್ಯಾಮೆರಾ ನನ್ನ ಕೈಯಾಗೇ ಇತ್ತು."

ಆ ಮಾತನ್ನು ಆಮೇಲೆ ಬಹಳ ಕಡೆ ಆಡಿದೆ. ಮುಂಜಿಗಳಲ್ಲಿ, ಬಸ್ಸಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ. ಮುಖ ತಿರುಗಿಸಿದ್ದನ್ನು ಮುಚ್ಚಿಕೊಳ್ಳಲು ಆ ಹೆಂಗಸು ಸುಳ್ಳು ಕಟ್ಟಿದ್ದಾಳೆ ಎಂದು ಹೇಳಿದೆ. ಕ್ಯಾಮೆರಾ ನನ್ನ ಕೈಯಲ್ಲಿತ್ತು ಎಂಬುದೇ ನನ್ನ ದೊಡ್ಡ ಸಾಕ್ಷಿ. ಆದರೂ ನನ್ನ ಮಾತಿಗಿಂತ ಎದ್ದು ಹೋದಳೆಂಬ ಮಾತೇ ಮುಂದೆ ಮುಂದೆ ಹೋಯಿತು. ಬೇರೆ ಎರಡು ಮನೆಯವರು ಬಂದು, ಉಪ್ಪಿಟ್ಟು ತಿಂದು, ಹುಡುಗಿ ಸಿಟ್ಟಿನವಳಂತೆ ಹೌದೇ ಎಂದು ಕೇಳಿ ಹೋದರು. ಮೂರನೆಯವರನ್ನು ಕರೆಯುವುದು ಬೇಡವೆಂದು ಅವಳೇ ಹೇಳಿದಳು.

ಆ ವರ್ಷಗಳಲ್ಲಿ ಮನೆಮನೆಗೆ ಕಂಪ್ಯೂಟರು ಬಂದವು. ಹತ್ತು ದಿನದ ತರಬೇತಿ ಮುಗಿಸಿದ್ದೆನೆಂಬ ಕಾರಣಕ್ಕೆ ಎಲ್ಲರೂ ನನ್ನನ್ನು ಕರೆಯುತ್ತಿದ್ದರು. ಸಿಮೆಂಟು ಕಾರ್ಖಾನೆಯವರ ಆದಿತ್ಯನಗರದ ಕ್ವಾರ್ಟರ್ಸುಗಳಲ್ಲಿ ರವಿವಾರ ನನ್ನದೊಂದು ಸುತ್ತೇ ಇರುತ್ತಿತ್ತು. ಮೈಕಿನ ವಯರನ್ನು ಸ್ಪೀಕರಿನ ತೂತಿಗೆ ಹಾಕಿ ಅರ್ಧ ದಿನ ಕೂಗಿದವರಿದ್ದರು. ಮಾತಿನ ಮಧ್ಯೆ ಜಾಹೀರಾತು ಬಂದು ಮಗಳ ಮುಖ ಮುಚ್ಚಿತೆಂದು ದೂರಿದವರಿದ್ದರು. ಹೋದ ತಿಂಗಳು ಕಲಿಸಿಕೊಟ್ಟ ಗುಂಡಿ ಈ ತಿಂಗಳು ಬೇರೆ ಜಾಗಕ್ಕೆ ಹೋಗಿರುತ್ತಿತ್ತು. ಒಬ್ಬ ಅಜ್ಜಿಯ ತಕರಾರು ನನಗೆ ಇನ್ನೂ ನೆನಪಿದೆ: "ನನ್ನ ಮೊಮ್ಮಗ ಮಾತಾಡೋದು ನನ್ನ ಕೂಡ, ನೋಡೋದು ನನ್ನ ಹೊಟ್ಟಿ. ಕಣ್ಣಾಗ ಕಣ್ಣಿಟ್ಟು ನೋಡಂತ ಇದಕ್ಕ ಹೇಳ್ರಿ." ಕ್ಯಾಮೆರಾ ಮೇಲಿದೆ, ಚಿತ್ರ ಕೆಳಗಿದೆ, ಹಾಗಾಗಿ ಹೀಗೆ ಎಂದು ವಿವರಿಸಿದೆ. ಕಾರಣ ಕೇಳಿಲ್ಲ ನಾನು, ಸರಿ ಮಾಡಿ ಕೊಡ್ರಿ ಎಂದಳು. ನನಗೂ ಸಾಕಾಗಿತ್ತು. ಕೇಳಸ್ತದೇನು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ತಲೆನೋವು ಬರುತ್ತಿತ್ತು.

2009ರ ಬೇಸಿಗೆಯಲ್ಲಿ ಕಲಬುರಗಿಗೆ ಹೊರಟಿದ್ದೆ. ಸೇಡಂನಿಂದ ಬಂದ ರೈಲು ವಾಡಿಯಲ್ಲಿ ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದೆ. ವಿಚಾರಣೆಯ ಕಿಟಕಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಗಾಜಿನ ಆಚೆಗಿನವನಿಗೆ ಕೂಗಿದಳು: "ಹಲೋ, ಕೇಳಸ್ತದೇನ್ರಿ? ಶಹಾಬಾದಿಗೆ ಹೋಗೋ ಗಾಡಿ ಯಾವುದು?"

ಆ ಮುಖವನ್ನು ನಾನು ಎಂದೂ ಕಂಡಿರಲಿಲ್ಲ. ನಾನು ನಿಂತದ್ದು ಪರದೆಯ ಹಿಂದೆ. ಆದರೆ ಆ ದನಿ ನನಗೆ ಗೊತ್ತಿತ್ತು. ಹತ್ತಿರ ಹೋಗಿ, ನಾನು ಸೇಡಂ ಮಾಸ್ತರ, ಚಿಂಚೋಳಿ ಹುಡುಗಿಯ ಸೋದರಮಾವ ಎಂದೆ.  ಅವರು ಬೆಂಚಿನ ಮೇಲಿದ್ದ ಚೀಲವನ್ನು ಸರಿಸಿ, "ಕುಂದ್ರಿ" ಎಂದರು.

ನಾನು ಕೂರಲಿಲ್ಲ. "ನಮ್ಮ ಹುಡುಗಿ ಎದ್ದು ಹೋದ್ಲಂತ ಹೇಳಿದ್ರಲ್ಲ, ಖರೇ ಏನ್ರಿ ಅದು?"

"ಸುಳ್ಳು ಹೇಳ್ಲಿಕ್ಕೆ ನನಗೇನ್ ಬಂದದರಿ? ನಾ ಕೇಳ್ದೆ. ಅಕಿ ಎದ್ಲು. ಕುರ್ಚಿ ಖಾಲಿ. ಆ ಕುರ್ಚೀ ಬೆನ್ನಿಗೆ ಹಳದಿ ಟವೆಲ್ ಹಾಕಿದ್ರಿ ನೋಡ್ರಿ, ಅದನ್ನ ನೋಡ್ಕೋತ ಕುಂತೇವಿ ನಾನೂ ನನ್ನ ಮಗಾನೂ. ಒಬ್ಬರಾದ್ರೂ ಬಂದು ಕೂತು ಏನಾದ್ರೂ ಹೇಳ್ತಾರಂತ. ಯಾರೂ ಬರಲಿಲ್ಲ. ಲೈನ್ ಹೋಗೋತನಕ ಬರೇ ಕುರ್ಚಿ."

ಟವೆಲಿನ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವರು ಅದನ್ನು ಕಂಡಿದ್ದರು. ನಾನು ಕೂತೆ.

"ಅಕಿ ಎದ್ದು ಹೋಗಿಲ್ರಿ," ಎಂದೆ. "ನಿಮಗ ನಮಸ್ಕಾರ ಮಾಡಿದ್ಲು."

"ಯಾರಿಗೆ?"

"ನಿಮಗ. ನೆಲಕ್ಕ ಹಣೀ ಹಚ್ಚಿ. ಎದ್ದು ತಿರುಗಿ ಅದೇ ಕುರ್ಚಿಯೊಳಗ ಕೂತ್ಲು. ನಿಮ್ಮ ಕಡೆ ಫೋಟೋ ನಡುವೇ ನಿಂತುಬಿಟ್ಟಿತ್ತು."

ಸಿಮೆಂಟಿನ ಗೂಡ್ಸು ಗಾಡಿಯೊಂದು ಬಂತು. ಅದರ ಸದ್ದು ಅಡಗಲು ಕಾದೆ.

"ನೀವು ಮಕ ತಿರುವಿದ್ರಂತ ನಮ್ಮಕ್ಕ ನೋಡ್ಯಾಳ," ಎಂದೆ.

"ಮಕ ತಿರುವಿಲ್ರಿ ನಾ. ಎಲ್ಲಿ ಹೋದ್ಲೋ ಅಂತ ಮಗನ್ನ ಕೇಳಿದೆ. ಬಾಜೂಕ ಕುಂತಿದ್ದ ಅವ." ಆ ತಿರುಗಿದ ಮುಖವೇ ನಮ್ಮ ಪರದೆಯಲ್ಲಿ ನಿಂತುಬಿಟ್ಟಿತ್ತು. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ನಮಸ್ಕಾರ ಮಾಡಿದಾಕಿಗೆ ನಾ ಏನೂ ಅನಲಿಲ್ಲಲ್ರಿ. ದೀರ್ಘಾಯುಷಿ ಆಗು ಅಂತಾದ್ರೂ ಅನಬೇಕಿತ್ತು."

ಮಗನಿಗೆ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಮಗು ಇತ್ತು. ಅಕ್ಕನ ಮಗಳಿಗೆ ಮದುವೆಯಾಯಿತೇ ಎಂದು ಅವರು ಕೇಳಿದರು. ಇಲ್ಲ ಎಂದೆ. ಒಂದೇ ಗಾಡಿಯಲ್ಲಿ ಶಹಾಬಾದಿನ ತನಕ ಬಂದೆವು.

ಅಂದಿನಿಂದ ಈ ಮುಖ ತೋರಿಸಿ ಮಾತಾಡಿಸುವ ಸಾಫ್ಟ್‌ವೇರಿನಿಂದ ನನಗೆ ಬೇಕಾದದ್ದು ಒಂದೇ. ಬಣ್ಣ ಚೆಂದ ಬೇಡ, ಹೂವು ನಕ್ಷತ್ರ ಹಾರಿಸುವುದು ಬೇಡ. ಚಿತ್ರ ನಿಂತಾಗ ನಿಂತಿದೆ ಎಂದು ಎರಡೂ ಕಡೆ ಹೇಳಲಿ. ನಿಂತ ಚಿತ್ರಕ್ಕೂ ಸುಮ್ಮನೆ ಕೂತ ಮನುಷ್ಯನಿಗೂ ನಮ್ಮ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮೂಲೆಯ ಆ ಚಿಕ್ಕ ಚೌಕದಲ್ಲಿ ನನಗೆ ನನ್ನನ್ನೇ ಏಕೆ ತೋರಿಸಬೇಕು? ನನ್ನ ಮುಖ ನನಗೆ ಗೊತ್ತಿದೆ. ಆ ಕಡೆಯವರಿಗೆ ನಾನು ಈ ಕ್ಷಣ ಹೇಗೆ ಕಾಣುತ್ತಿದ್ದೇನೆ, ಅದನ್ನು ತೋರಿಸಲಿ. ಅಂದು ಆ ಚೌಕದಲ್ಲಿ ಖಾಲಿ ಕುರ್ಚಿ ಕಂಡಿದ್ದರೆ ನಾವು ಫೋನು ಮಾಡುತ್ತಿದ್ದೆವು. ರಾಹುಕಾಲವಾದರೂ ಮಾಡುತ್ತಿದ್ದೆವು.

ಕಲಬುರಗಿಯ ಕೆಲಸ ಮುಗಿಸಿ ಮರುದಿನ ನೇರ ಸುಲೇಪೇಟದ ಬಸ್ಸು ಹಿಡಿದೆ. ಅಕ್ಕನ ಮಗಳು ಬಾಡಿಗೆ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಎಲ್ಲವನ್ನೂ ನಡೆದ ಕ್ರಮದಲ್ಲಿ ಹೇಳಿದೆ. ಅವಳು ಕೈಯಲ್ಲಿದ್ದ ಪತ್ರಿಕೆಯನ್ನು ಪೂರ್ತಿ ತಿದ್ದಿ, ಅಂಕ ಬರೆದು, ಕೆಳಗಿಟ್ಟಳು.

"ಅಂದ್ರ ನಾ ಒಪ್ಪೀನಂತ ಅವರಿಗೆ ಗೊತ್ತೇ ಆಗಲಿಲ್ಲ."

"ಇಲ್ಲ."

ಸಿಟ್ಟಿಲ್ಲದ ದನಿಯಲ್ಲಿ, ಲೆಕ್ಕವೊಂದನ್ನು ಸರಿ ನೋಡುವವಳ ಹಾಗೆ ಕೇಳಿದಳು: "ಮಾಮಾ, ಕ್ಯಾಮೆರಾ ನಿನ್ನ ಕೈಯಾಗ ಇತ್ತಲ್ಲ. ಜರಾ ಕೆಳಗ ಬಗ್ಗಿಸಬೇಕಿತ್ತು."

"ಅಲಗಿಸಬಾರ್ದು ಅಂದಿದ್ರು."

"ಹೌದು. ಅಂದಿದ್ರು," ಎಂದಳು. ಎದ್ದು ಚಹಾಕ್ಕೆ ನೀರಿಟ್ಟಳು.

ಅವಳು ಆಮೇಲೂ ಮದುವೆಯಾಗಲಿಲ್ಲ. ಅದಕ್ಕೆ ಇದೊಂದೇ ಕಾರಣ ಎಂದು ನಾನು ಹೇಳಲಾರೆ. ನಾನು ಕಂಡದ್ದಷ್ಟನ್ನೇ ಹೇಳಬಲ್ಲೆ. ಅವಳು ಎದ್ದು ಹೋಗಲಿಲ್ಲ. ನಮಸ್ಕಾರ ಮಾಡಿದಳು. ಅದನ್ನು ಕಣ್ಣಿಂದ ಕಂಡವರು ಮೂವರು. ಅಕ್ಕ ಈಗಿಲ್ಲ. ಪರದೆ ಬಟ್ಟೆ ಸರಿಸಿ ಹೊಸ್ತಿಲಲ್ಲಿ ನಿಂತಿದ್ದ ಭಾಯ್ ಇದ್ದಾನೆ. ಕೆಫೆ ಮುಚ್ಚಿ ಚಿತ್ತಾಪುರದಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ, ಕೇಳಿದರೆ ಹೇಳುತ್ತಾನೆ. ಇನ್ನು ನಾನು. ಖಾಲಿ ಕುರ್ಚಿಯನ್ನು ಕಂಡವರು ಇಬ್ಬರು, ಶಹಾಬಾದಿನ ಆ ತಾಯಿ ಮತ್ತು ಅವರ ಮಗ. ಅವರೂ ಇದ್ದಾರೆ.